ಹೆಗ್ಗಣ ಸತ್ತ ಕೋಣೆ

ಮೊದಲು ವಾಸನೆ ಬಂತು. ಮಸ್ಕಿಯ ನಮ್ಮ ಮನೆಯ ಹಿಂದಿನ ಕೋಣೆಯಿಂದ, ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ. ನಮ್ಮ ಮನೆಯವರು ಕಪ್ಪು ಕೆಳಗಿಟ್ಟು ಮೂಗು ಹಿಡಿದುಕೊಂಡು, "ಒಳಗ ಏನೋ ಸತ್ತೈತಿ" ಅಂದರು. ನಾನು "ಚರಂಡಿ ಇರಬೇಕ್ರಿ" ಅಂದೆ. ಆ ಕೋಣೆಯ ಮಾತು ಬಂದಾಗಲೆಲ್ಲ ನಾನು ಹೀಗೆ ಏನಾದರೊಂದು ಹೇಳಿ ದಾರಿ ತಪ್ಪಿಸುತ್ತಿದ್ದೆ. ಎರಡನೆಯ ದಿನ ವಾಸನೆ ನಡುಮನೆಗೆ ಬಂತು. ಮೂರನೆಯ ದಿನ ಅಡುಗೆಮನೆಗೆ ಬಂತು. ರೊಟ್ಟಿ ಬಡಿಯುವಾಗ ಹಿಟ್ಟಿನೊಳಗೇ ಆ ನಾತ ಸೇರಿದೆ ಅನ್ನಿಸಿ, ಕೈಯಲ್ಲಿದ್ದ ಮುದ್ದೆಯನ್ನು ಹಾಗೇ ಬಿಟ್ಟು ಬಚ್ಚಲಿಗೆ ಓಡಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದೆ. ಆಮೇಲೆ ಚರಂಡಿಯ ಮಾತು ಆಡಲಿಲ್ಲ.

ಆ ಕೋಣೆ ನನ್ನದು. ಅತ್ತೆಯದಲ್ಲ, ಗಂಡನದಲ್ಲ, ಮದುವೆಯಾಗಿ ಹೋದ ಮಗಳದ್ದಲ್ಲ. ಒಳಗಿದ್ದ ಒಂದೊಂದು ಸಾಮಾನನ್ನೂ ನನ್ನ ಕೈಯಾರೆ ಇಟ್ಟದ್ದು ನಾನು. ಓದುವವರು ಅಲ್ಲಿ ಹಳೆಯ ಮರದ ಪೆಟ್ಟಿಗೆ, ಅಜ್ಜಿಯ ತೊಟ್ಟಿಲು ಅಂತೇನಾದರೂ ಕಲ್ಪಿಸಿಕೊಳ್ಳುತ್ತಿದ್ದರೆ ಬಿಟ್ಟುಬಿಡಿ. ಅಂಥ ಚಂದದ್ದು ಒಂದೂ ಇರಲಿಲ್ಲ. ಮೊಸರಿನ ಪ್ಲಾಸ್ಟಿಕ್ ಬಕೆಟ್ಟುಗಳು ಇದ್ದವು, ಒಂದರೊಳಗೊಂದು ಸೇರಿಸಿ ಮೇಲ್ಛಾವಣಿ ಮುಟ್ಟುವಷ್ಟು. ಮಿಠಾಯಿಯ ಖಾಲಿ ಡಬ್ಬಿ, ಸಿಂಧನೂರಿನ ಬಟ್ಟೆ ಅಂಗಡಿಗಳ ಚೀಲ, ಕೆಟ್ಟ ಮಿಕ್ಸರು, ಅದು ಬಂದಿದ್ದ ರಟ್ಟಿನ ಡಬ್ಬ, ಅದಕ್ಕಿಂತ ಮೊದಲು ಕೆಟ್ಟಿದ್ದ ಮಿಕ್ಸರು. ಕೊರೊನಾ ಕಾಲದ ಮಾಸ್ಕುಗಳು, ತೊಳೆದು ಒಣಗಿಸಿ ಮಡಚಿಟ್ಟವು. ಯಾರದೋ ಮದುವೆಯಲ್ಲಿ ಕೊಟ್ಟ ಉಂಡಿ, ಇರುವೆ ಮುತ್ತಿ ಇರುವೆಯೂ ಸತ್ತು ಕಪ್ಪಾಗಿ ಗಟ್ಟಿಯಾಗಿದ್ದವು. ಇನ್ನು ಕುಬಸದ ಖಣಗಳು. ನಮ್ಮ ಕಡೆ ಯಾರ ಮನೆಗೆ ಹೋದರೂ ಉಡಿ ತುಂಬುವಾಗ ಒಂದು ಖಣ ಹಾಕುತ್ತಾರೆ, ಅದನ್ನು ಯಾರೂ ಹೊಲಿಸಿ ತೊಡುವುದಿಲ್ಲ. ಬಂದದ್ದು ಬಂದ ದಾರಿಯಲ್ಲೇ ಇನ್ನೊಬ್ಬರ ಉಡಿಗೆ ಹೋಗುತ್ತದೆ, ಹೀಗೆ ಊರೆಲ್ಲ ಸುತ್ತುತ್ತಿರುತ್ತದೆ. ನನ್ನ ಮನೆಗೆ ಬಂದ ಖಣ ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ಕೊಡುವ ಹೊತ್ತಿಗೆ ಹೊಸದು ತರಿಸಿ ಕೊಡುತ್ತಿದ್ದೆ, ಬಂದದ್ದನ್ನು ಒಳಗೆ ತುರುಕುತ್ತಿದ್ದೆ.

"ಇರಲಿ, ಬೇಕಾಗ್ತೈತಿ." ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಇದು. ಬಡತನದಲ್ಲಿ ಬೆಳೆದು ಬಂದ ಅಭ್ಯಾಸ ಅಂತ ಹೇಳಿದರೆ ಕೇಳುವವರ ಮನಸ್ಸು ಕರಗುತ್ತದೆಂದು ನನಗೆ ಗೊತ್ತು. ಆದರೆ ಅದು ಸುಳ್ಳು. ನನ್ನ ತವರು ಬಳಗಾನೂರಿನಲ್ಲಿ ಕಾಲುವೆ ನೀರಿನ ಭತ್ತದ ಗದ್ದೆ ಇತ್ತು, ಉಣ್ಣಲು ಉಡಲು ಕೊರತೆ ಇರಲಿಲ್ಲ. ನನ್ನ ಅವ್ವ ಕೈಗೆ ಸಿಕ್ಕಿದ್ದನ್ನು ಬಾಗಿಲಿಗೆ ಬಂದವರಿಗೆ ಕೊಟ್ಟು ಹಗುರಾಗುವ ಹೆಂಗಸು. ನನಗೆ ಕೊಡಲು ಕೈ ಬರುತ್ತಿರಲಿಲ್ಲ, ಅಷ್ಟೇ. ಕೈಬಿಟ್ಟ ವಸ್ತು ಮರುದಿನವೇ ಬೇಕಾಗಿ, ಅಯ್ಯೋ ಕೊಡಬಾರದಿತ್ತು ಎಂದು ಹಳಹಳಿಸುವುದನ್ನು ನೆನೆದರೇ ನನಗೆ ಮೈ ಉರಿಯುತ್ತಿತ್ತು.

ಅತ್ತೆಯ ಸಾಮಾನು ಒಂದು ಟ್ರಂಕಿನಲ್ಲಿ ಮುಗಿಯುತ್ತಿತ್ತು. ನಾಲ್ಕು ಸೀರೆ, ಒಂದು ಕೌದಿ, ವಿಭೂತಿ ಗಟ್ಟಿ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಮೂರು ಹೊತ್ತೂ ಅದು ಮೈಮೇಲೆ ಇರಬೇಕು, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, "ಈ ಮನ್ಯಾಗ ಉಸುರಾಡಾಕ ಜಾಗಾ ಇಲ್ಲಂಗ ಮಾಡೀದಿ" ಅಂತ ಅವರು ಬೈಯುತ್ತಿದ್ದರು. ನಾನು ಕೇಳಿಯೂ ಕೇಳದ ಹಾಗೆ ಇನ್ನೊಂದು ಬಕೆಟ್ಟು ಸೇರಿಸುತ್ತಿದ್ದೆ.

ಈಗ ಆ ಕರಡಿಗೆಯ ವಿಷಯ ಹೇಳಲೇಬೇಕು. ಐದು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಲಿಂಗಸುಗೂರಿನ ಒಂದು ದವಾಖಾನೆಯಲ್ಲಿ ಆಪರೇಷನ್ ಅಂತಾಯಿತು. ನನ್ನ ನಾದಿನಿ, ಅಂದರೆ ಅತ್ತೆಯ ಒಬ್ಬಳೇ ಮಗಳು, ಇರುವುದು ಲಿಂಗಸುಗೂರಿನಲ್ಲೇ. ಆಕೆಯ ಗಂಡ ದಿನಾ ಬಸ್ಸು ಹಿಡಿದು ಹಟ್ಟಿಯ ಗಣಿಗೆ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮೊದಲು ಮೈಮೇಲೆ ಏನೂ ಇರಬಾರದು ಅಂದರು. ಅತ್ತೆ ಕಿವಿಯ ಓಲೆ ಬಿಚ್ಚಿ ಕೊಟ್ಟರು, ಲಿಂಗ ಬಿಚ್ಚಲು ಮಾತ್ರ ಒಪ್ಪಲಿಲ್ಲ. ನಾದಿನಿ ಅವರ ಗಲ್ಲ ಹಿಡಿದು ಮಗುವನ್ನು ರಮಿಸಿದ ಹಾಗೆ ರಮಿಸಿ, ಕರಡಿಗೆ ಕಟ್ಟಿದ್ದ ಶಿವದಾರವನ್ನು ತಲೆಯ ಮೇಲಿಂದ ತೆಗೆದಳು. "ಎಚ್ಚರಾದ ಕೂಡ್ಲೆ ಹಾಕಬೇಕವಾ" ಅಂದರು ಅತ್ತೆ. ಆ ಮಾತು ಹೇಳಿ ಒಳಗೆ ಹೋದವರಿಗೆ ಸರಿಯಾಗಿ ಎಚ್ಚರವೇ ಆಗಲಿಲ್ಲ. ನಾಲ್ಕನೆಯ ದಿನ ತೀರಿಕೊಂಡರು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಬದುಕಿದ್ದಾಗ ಕೊರಳಲ್ಲಿದ್ದ ಲಿಂಗವನ್ನೇ ಅಂಗೈಯಲ್ಲಿಟ್ಟು ಕಳುಹಿಸಬೇಕು. ಅತ್ತೆಯನ್ನು ಮಸ್ಕಿಗೆ ತಂದು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಮಣ್ಣಿನ ವಿಧಿ ಮಾಡಿಸುವ ಅಯ್ಯನವರು ಬಂದು, "ಲಿಂಗ ತರ್ರಿ" ಅಂದರು. ನಾದಿನಿ ನನ್ನ ಮುಖ ನೋಡಿದಳು. "ವೈನಿ, ನಿನ್ನ ಕೈಯಾಗ ಕೊಟ್ಟೀನಲ್ಲ, ದವಾಖಾನಿ ಬಾಗಲಾಗ. ಎಲ್ಲಿಟ್ಟೀದಿ?"

ನಾನು "ನನಗ ನೆನಪಿಲ್ಲ" ಅಂದೆ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. ನಾಲ್ಕು ದಿನ ನಿದ್ದೆಗೆಟ್ಟು ಮಸ್ಕಿಗೂ ಲಿಂಗಸುಗೂರಿಗೂ ಬಸ್ಸಿನಲ್ಲಿ ತಿರುಗಿದ ತಲೆಯಲ್ಲಿ ಏನೂ ಇರಲಿಲ್ಲ.

ಹುಡುಕಾಟ ಶುರುವಾಯಿತು. ಮಣ್ಣಿಗೆಂದು ಬಂದವರೆಲ್ಲ ನನ್ನ ಮನೆಯ ಕಪಾಟು, ಗೂಡು, ಅಟ್ಟಗಳನ್ನು ತೆಗೆದು ನೋಡಿದರು. ಒಂದು ಕಪಾಟು ತೆಗೆದರೆ ಪ್ಲಾಸ್ಟಿಕ್ ಚೀಲಗಳು ಮೈಮೇಲೆ ಬೀಳುತ್ತಿದ್ದವು. ಅಕ್ಕಿ ಡಬ್ಬಿಯ ಹಿಂದಿನಿಂದ ಜಿರಳೆಗಳು ಹೊರಟು, ಹೆಣದ ಮುಂದಿಟ್ಟ ದೀಪದವರೆಗೂ ಹರಿದಾಡಿದವು. ಯಾರೋ ಹಿಂದಿನ ಕೋಣೆಗೂ ಹೋಗಿ, ಬಾಗಿಲಲ್ಲೇ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದಿರುಗಿದರು. ಬಿಸಿಲು ಏರಿತು, ಹೆಣ ಕಾಯುವುದಿಲ್ಲ. ಕೊನೆಗೆ ಅಯ್ಯನವರು ಮಠದಿಂದ ಹೊಸ ಲಿಂಗ ತರಿಸಿ ಅತ್ತೆಯ ಕೈಯಲ್ಲಿಟ್ಟರು. ಹೊತ್ತುಕೊಂಡು ಹೋಗಿ ನಮ್ಮ ಹೊಲದಲ್ಲಿ ಮಣ್ಣು ಮಾಡಿದರು.

ಹೊಲದಿಂದ ಹೊಳ್ಳಿ ಬಂದ ಮೇಲೆ, ನಮ್ಮ ಮನೆಯವರ ದೊಡ್ಡಮ್ಮ ಅಂಗಳದ ಕಟ್ಟೆಯ ಮೇಲೆ ಕುಳಿತು, ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಬೆಳ್ಳಿ ಅಲ್ಲೇನವಾ. ಅದಕ್ಕ ಕಾಲು ಬಂದಿರಬೇಕು. ಬಿಚ್ಚಿದ ಕೈಗೇ ಗೊತ್ತು."

ನಾದಿನಿ ಮತ್ತೆ ನನ್ನ ಮುಖ ನೋಡಿದಳು. ನಾನು "ನನಗೇ ಕೊಟ್ಟಿರಬಹುದು, ನಾನೇ ಎಲ್ಲೋ ಇಟ್ಟಿರಬಹುದು" ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಆಗಷ್ಟೇ ಊರೆಲ್ಲ ನನ್ನ ಮನೆಯ ಹೊಲಸು ನೋಡಿತ್ತು. ಜಿರಳೆ ಸಾಕಿದವಳು ಅನ್ನಿಸಿಕೊಂಡಿದ್ದೆ, ಅದರ ಮೇಲೆ ಅತ್ತೆಯ ಲಿಂಗ ಕಳೆದವಳು ಅಂತಲೂ ಅನ್ನಿಸಿಕೊಳ್ಳುವ ಧೈರ್ಯ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಕಸ ಗುಡಿಸಿದೆ. ಮೂರನೆಯ ದಿನದ ಕಾರ್ಯ ಮುಗಿಸಿ ಹೊರಟಾಗ, ನಾದಿನಿ ಬಾಗಿಲಲ್ಲಿ ನಿಂತು ತನ್ನ ಚೀಲವನ್ನು ತೆರೆದಳು. ಎಲ್ಲರ ಮುಂದೆ ಅದನ್ನು ತಲೆಕೆಳಗು ಮಾಡಿ ಝಾಡಿಸಿದಳು. ಒಂದು ಸೀರೆ, ಒಂದು ಬಾಚಣಿಗೆ, ಬಸ್ಸಿನ ಚೀಟಿ ಬಿದ್ದವು. ಅವನ್ನು ಮತ್ತೆ ತುಂಬಿಕೊಂಡು ಹೋದಳು.

ಆಮೇಲೆ ಆಕೆ ಯಾರ ಮನೆಗೆ ಹೋದರೂ ಹೊರಡುವಾಗ ಚೀಲ ತೆರೆದು ತೋರಿಸುತ್ತಾಳೆ ಅಂತ ಕೇಳಿದೆ. ನಗುನಗುತ್ತಲೇ, "ನೋಡ್ಕೋರಿ ಮತ್ತ, ಆಮ್ಯಾಲ ಅನ್ನಬ್ಯಾಡ್ರಿ" ಅಂತಾಳಂತೆ. ಸಿಂಧನೂರಿನಲ್ಲಿ ನನ್ನ ಮಗಳ ಮದುವೆಗೂ ಬಂದಳು. ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದಳು, ಊಟಕ್ಕೆ ಏಳಲಿಲ್ಲ. ಹೊರಡುವಾಗ ಕಲ್ಯಾಣ ಮಂಟಪದ ಬಾಗಿಲಲ್ಲಿ ನನಗೂ ಚೀಲ ತೆರೆದು ತೋರಿಸಿದಳು. ಏನು ನಾಟಕ ಮಾಡುತ್ತಾಳೆ ಅಂತ ನನಗೆ ಸಿಟ್ಟು ಬಂದಿತ್ತು. ನನಗೆ ಸಿಟ್ಟು!

ಇಲ್ಲಿ ಇನ್ನೊಂದು ಹೇಳಬೇಕು. ಅತ್ತೆ ತೀರಿ ಮೂರು ತಿಂಗಳಿಗೆ, ಒಂದು ಮಧ್ಯಾಹ್ನ ಮೆಣಸಿನಕಾಯಿ ಹುರಿಯುವಾಗ ನನಗೆ ನೆನಪಾಯಿತು. ದವಾಖಾನೆಯ ಬಾಗಿಲು, ಅಂಗೈ ಮೇಲೆ ಏನೋ ತಣ್ಣಗೆ ಭಾರವಾಗಿ ಬಿದ್ದದ್ದು, ನಾನು ಕರ್ಚೀಫು ಬಿಚ್ಚಿ ಸುತ್ತಿ ಗಂಟು ಹಾಕಿದ್ದು. ಪೂರ್ತಿ ನೆನಪಲ್ಲ, ಬರೀ ಗಂಟು ಹಾಕುವ ಬೆರಳುಗಳು. ಆ ಗಂಟು ದವಾಖಾನೆಯ ಚೀಲದೊಳಗೆ, ಚೀಲ ಹಿಂದಿನ ಕೋಣೆಯೊಳಗೆ ಹೋಗಿರಬೇಕು. ಒಲೆ ಆರಿಸಿ ಹಿಂದಿನ ಕೋಣೆಯ ಬಾಗಿಲವರೆಗೆ ಹೋದೆ. ಬಾಗಿಲು ತೆರೆದು, ಒಳಗೆ ನೋಡಿ, ಹಿಂದಿರುಗಿದೆ. ಅಂದಿನಿಂದ ಆ ಕೋಣೆಗೆ ಸಾಮಾನು ತುಂಬುವುದು ಹೆಚ್ಚಾಯಿತು. ಬೇಕಾಗುತ್ತದೆ ಅಂತಲ್ಲ. ಅಲ್ಲಿಗೆ ಯಾರೂ ಹೋಗಬಾರದು ಅಂತ. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತಿದೆ.

ಹೀಗಿರುವಾಗ ಹೆಗ್ಗಣ ಸತ್ತಿತು. ನಾಲ್ಕನೆಯ ದಿನ ನಮ್ಮ ಮನೆಯವರು ಅಂಗಿ ಬಿಚ್ಚಿಟ್ಟು, "ನೀ ತಗೀತಿಯೋ, ನಾ ಬೆಂಕಿ ಹಚ್ಚಲೋ" ಅಂದರು. ಇಬ್ಬರೂ ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡು ಒಳಗೆ ಹೋದೆವು.

ಮೊಬೈಲಿನಲ್ಲಿ ಮನೆ ಹಗುರ ಮಾಡುವ ವಿಡಿಯೋಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಳಿ ಗೋಡೆ, ಬಿಳಿ ಸೋಫಾ, ಮಧ್ಯೆ ಒಬ್ಬಳು ಕುಳಿತು ಒಂದೊಂದೇ ಅಂಗಿಯನ್ನು ಎದೆಗೆ ಒತ್ತಿ ಬೀಳ್ಕೊಡುತ್ತಾಳೆ. ಹಿಂದೆ ಕೊಳಲಿನ ಸಂಗೀತ. ಆಕೆಯನ್ನು ಆ ದಿನ ನನ್ನ ಕೋಣೆಯೊಳಗೆ ಬಿಡಬೇಕಿತ್ತು. ಯಾವುದನ್ನು ಎದೆಗೆ ಒತ್ತುತ್ತಿದ್ದಳು? ಖಣಗಳ ಗಂಟು ಬಿಚ್ಚಿದರೆ ಇಲಿಯ ಉಚ್ಚೆಯಲ್ಲಿ ನೆನೆದು ಒಣಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಎಳೆದರೆ ಚರ್ಮ ಸುಲಿದ ಹಾಗೆ ಬಿಟ್ಟುಬರುತ್ತಿದ್ದವು. ಶೇಂಗಾ ಎಣ್ಣೆಯ ಹಳೆಯ ಕ್ಯಾನು ಬುಡದಲ್ಲಿ ಒಡೆದು, ನೆಲವೆಲ್ಲ ಅಂಟಂಟಾಗಿ, ಅದರಲ್ಲಿ ಸಾವಿರ ನೊಣ ಸಿಕ್ಕಿ ಸತ್ತಿದ್ದವು. ಒಂದು ಬಕೆಟ್ಟಿನ ಮುಚ್ಚಳ ತೆಗೆದಾಗ ಒಳಗೆ ಒಣರೊಟ್ಟಿ ಇದ್ದವು. ಯಾವ ಕಾಲದವೋ, ಹಸಿರು ಕೂದಲು ಬಂದಿತ್ತು. ಎಮ್ಮೆಗೆ ಹಾಕಲು ಇಟ್ಟಿದ್ದೆ, ಎಮ್ಮೆ ಮಾರಿ ಎಷ್ಟೋ ವರ್ಷವಾಗಿದೆ. ಅತ್ತೆ ಹಾಸಿಗೆ ಹಿಡಿದಾಗ ಬೇಕಾದೀತು ಅಂತ ತಂದ ಉಚ್ಚೆಯ ಪಾತ್ರೆಯೂ ಇತ್ತು, ತಂದ ಕಾಗದ ಕೂಡ ಬಿಚ್ಚಿರಲಿಲ್ಲ. ಅದನ್ನೂ ಇಟ್ಟಿದ್ದೆ, ಯಾರಿಗೆ ಬೇಕಾಗುತ್ತದೆಂದು ಲೆಕ್ಕ ಹಾಕಿದ್ದೆನೋ ದೇವರೇ ಬಲ್ಲ.

ನಮ್ಮ ಮನೆಯವರು ಮೊದಲು ಬೈಯುತ್ತಿದ್ದರು. ಆಮೇಲೆ ಬೈಗುಳ ಮುಗಿದು, ಒಂದೊಂದು ವಸ್ತು ಎತ್ತಿದಾಗಲೂ, "ಇದು ಬೇಕಾಗ್ತೈತೇನು?" ಅಂತ ಕೇಳತೊಡಗಿದರು. ಮುರಿದ ಛತ್ರಿ ಎತ್ತಿ, "ಬೇಕಾಗ್ತೈತೇನು?" ಉಂಡಿ ಎತ್ತಿ, "ಬೇಕಾಗ್ತೈತೇನು?" ನಾನು ಕಸಿದುಕೊಂಡು ಹೊರಗೆ ಎಸೆಯುತ್ತಿದ್ದೆ. ಅಂಗಳದಲ್ಲಿ ರಾಶಿ ಬೆಳೆಯಿತು. ಓಣಿಯ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಅವರ ಮನೆಯ ಅಟ್ಟಗಳನ್ನೂ ನಾನು ಬಲ್ಲೆ, ಆದರೆ ಆ ದಿನ ಹೊರಗೆ ಬಿದ್ದದ್ದು ನನ್ನದು.

ಮಧ್ಯಾಹ್ನ ಸಿಂಧನೂರಿನ ಗುಜರಿಯವನು ಮೈಕಿನಲ್ಲಿ ಕೂಗುತ್ತ ತನ್ನ ಗಾಡಿ ತಂದ. ಐವತ್ತು ದಾಟಿದ ಮನುಷ್ಯ. ಒಂದು ಬಕೆಟ್ಟಿನ ಮುಚ್ಚಳ ಎತ್ತಿ ನೋಡಿದ, ಮೆಲ್ಲಗೆ ಮುಚ್ಚಿದ, ಕೈಯನ್ನು ಮಣ್ಣಿಗೆ ತಿಕ್ಕಿದ.

"ಅಮ್ಮಾರ, ಹುಟ್ಟಿದಾಗಿಂದ ನಾ ಇದ ಕೆಲಸ ಮಾಡಾಕತ್ತೀನ್ರಿ. ಮೋರಿಯಾಗಿನ ಮಾಲು ಎತ್ತೀನಿ. ಇದನ್ನ ಮುಟ್ಟಂಗಿಲ್ರಿ ನಾ."

"ತೊಳದು ಕೊಡ್ತೀನಪ" ಅಂದೆ. ಆಗಲೂ ನನಗೆ ಅದು ಪೂರ್ತಿ ಹಾಳಾಗಿ ಹೋಗಬಾರದು ಅನ್ನುವ ಆಸೆ.

"ಬ್ಯಾಡ್ರಿ. ಕಸದ ಗಾಡಿಗೆ ಹಾಕ್ರಿ, ಇಲ್ಲಾಂದ್ರ ತಗ್ಗು ತೋಡಿ ಮುಚ್ಚಿಬಿಡ್ರಿ." ಮಿಕ್ಸರುಗಳನ್ನು ಮಾತ್ರ ಎತ್ತಿಕೊಂಡು ಹೋದ. ಮುಂದಿನ ಓಣಿಯಲ್ಲಿ ಅವನ ಮೈಕು ಕೇಳಿಸುತ್ತಿತ್ತು. ಗುಜರಿಯವನಿಗೂ ಹೇಸಿಗೆ ತರಿಸಿದ ಮನೆಯೊಡತಿ ಮಸ್ಕಿಯಲ್ಲಿ ನಾನೊಬ್ಬಳೇ ಇರಬೇಕು.

ಹೆಗ್ಗಣ ಸಿಕ್ಕಿದ್ದು ಮೂಲೆಯಲ್ಲಿ, ಮೊಳೆಗೆ ನೇತುಹಾಕಿದ್ದ ಚೀಲಗಳು ಹರಿದು ಕೆಳಗೆ ಬಿದ್ದ ಜಾಗದಲ್ಲಿ. ಅದು ಅಲ್ಲಿ ಗೂಡು ಮಾಡಿಕೊಂಡಿತ್ತು. ಖಣಗಳನ್ನು ಕಡಿದು ಎಳೆ ಎಳೆ ಮಾಡಿ ಹಾಸಿಕೊಂಡಿತ್ತು. ಉಬ್ಬಿದ ಹೊಟ್ಟೆ, ಕಿತ್ತುಬಂದ ಕೂದಲು, ಮೇಲೆ ಮಿಜಿಗುಟ್ಟುವ ಹುಳು. ನಮ್ಮ ಮನೆಯವರು ಸಲಿಕೆಯಿಂದ ಗೂಡಿನ ಸಮೇತ ಎತ್ತುವಾಗ, ಗೂಡಿನ ಕೆಳಗಿಂದ ಒಂದು ಕರಿ ಹಾಳೆ ಜಾರಿತು. ಎಕ್ಸ್‌ರೇ. ಅತ್ತೆಯ ಸೊಂಟದ ಮೂಳೆ. ಅದರ ಹಿಂದೆ ದವಾಖಾನೆಯ ಚೀಲ, ಪುಡಿಯಾದ ಬಾಳೆಹಣ್ಣಿನ ಸಿಪ್ಪೆ, ಮಾತ್ರೆಯ ಪಟ್ಟಿಗಳು. ಎಲ್ಲದರ ಕೆಳಗೆ, ಹಿಕ್ಕೆಗಳ ನಡುವೆ, ಒಂದು ಗಂಟು.

ಅದು ನನ್ನ ಕರ್ಚೀಫು. ಅಂಚಿಗೆ ನೀಲಿ ದಾರದ ಹೆಣಿಕೆ, ನಾನೇ ಹೆಣೆದದ್ದು. ಬಿಚ್ಚುವ ಮೊದಲೇ ಗೊತ್ತಾಯಿತು. ಹೆಗ್ಗಣ ಕರ್ಚೀಫಿಗೆ ತೂತು ಮಾಡಿ ಶಿವದಾರವನ್ನು ಕಡಿದು ತಿಂದಿತ್ತು. ಬೆಳ್ಳಿ ಕಪ್ಪಿಟ್ಟು ಹೋಗಿತ್ತು, ಮುಚ್ಚಳದ ಸಂದಿಯಲ್ಲಿ ಹಿಕ್ಕೆ ಸಿಕ್ಕಿಕೊಂಡಿತ್ತು. ಒಳಗೆ ಲಿಂಗ ಹಾಗೇ ಇತ್ತು. ಸ್ನಾನಕ್ಕೂ ಬಿಚ್ಚದ ಹೆಂಗಸಿನ ಲಿಂಗ ಐದು ವರ್ಷ ಹೆಗ್ಗಣದ ಉಚ್ಚೆಯಲ್ಲಿ ಬಿದ್ದಿತ್ತು. ಅಲ್ಲಿ ಇಟ್ಟವಳು ನಾನು, ಅಲ್ಲಿಯೇ ಇರಲಿ ಅಂತ ಬಿಟ್ಟವಳೂ ನಾನು. ಈ ಸಲ ವಾಂತಿ ಬರಲಿಲ್ಲ. ಆ ಹೊಲಸು ನೆಲದ ಮೇಲೆ ಕುಳಿತುಬಿಟ್ಟೆ.

ನಮ್ಮ ಮನೆಯವರು ಹೊರಗೆ ಹೋಗಿ ಹೆಗ್ಗಣವನ್ನು ಹೂತು, ಕೈಕಾಲು ತೊಳೆದು ಬಂದು, ದನಿ ತಗ್ಗಿಸಿ ಅಂದರು: "ಆಗಿದ್ದು ಆತು. ನಾಳೆ ಹೊಳಿಗೆ ಹೋಗಿ ಬಿಟ್ಟು ಬರ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

"ನಿಮ್ಮ ತಂಗಿ?"

"ಆಕಿಗೆ ಈಗ ರೂಢಿ ಆಗೈತಿ. ಮತ್ತ್ಯಾಕ ಕೆದರೂದು?"

ಸ್ವಂತ ತಂಗಿ ಕಳ್ಳಿ ಅನ್ನಿಸಿಕೊಂಡು ತಿರುಗುವುದು ರೂಢಿಯಾಗಿದೆಯಂತೆ! ಅವರ ಮೇಲೆ ಅಸಹ್ಯ ಉಕ್ಕಿತು. ಅದಕ್ಕಿಂತ ಹೆಚ್ಚು ಅಸಹ್ಯವಾದದ್ದು ಇನ್ನೊಂದು: ಆ ಮಾತು ಕೇಳಿದ ಕೂಡಲೇ ನನ್ನ ಎದೆ ಹಗುರಾಗಿತ್ತು. ಕೃಷ್ಣಾ ನದಿಯ ನೀರು, ಒಂದು ಬುಳುಕ್ ಶಬ್ದ, ಮುಗಿಯಿತು. ಖಾಲಿ ಕೋಣೆಗೆ ಸುಣ್ಣ ಬಳಿದರೆ ಆಯಿತು. ಅಡುಗೆಮನೆಯಲ್ಲಿ ಕರಡಿಗೆಯನ್ನು ತೊಳೆಯುತ್ತ ಆ ಆಸೆಯನ್ನು ಎಷ್ಟೋ ಹೊತ್ತು ಚಪ್ಪರಿಸಿದೆ, ಸುಳ್ಳಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಸಂದಿಯೊಳಗಿನ ಕಪ್ಪು ಬಿಡಲಿಲ್ಲ. ತಿಕ್ಕುತ್ತಿದ್ದ ಹಾಗೆ, ಕಲ್ಯಾಣ ಮಂಟಪದ ಬಾಗಿಲಲ್ಲಿ ತೆರೆದ ಚೀಲ ಕಣ್ಣಿಗೆ ಬಂತು. ಅದರೊಳಗೆ ಒಂದು ಬಾಚಣಿಗೆ, ಒಂದು ನೀರಿನ ಬಾಟಲಿ ಇತ್ತು. ಮದುವೆಯ ಊಟ ಬಿಟ್ಟು ಬರೀ ನೀರು ಕುಡಿದು ಹೋಗಿದ್ದಳು.

ಮರುದಿನ ಬೆಳಿಗ್ಗೆ, ಯಾರಿಗೂ ಹೇಳದೆ, ಲಿಂಗಸುಗೂರಿನ ಬಸ್ಸು ಹತ್ತಿದೆ. ತೊಡೆಯ ಮೇಲೆ ಚೀಲ, ಚೀಲದಲ್ಲಿ ಗಂಟು. ಐದು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಇದನ್ನೇ ಹೀಗೆಯೇ ಹಿಡಿದುಕೊಂಡು ಮಸ್ಕಿಗೆ ಬಂದಿದ್ದೆ. ಪಕ್ಕದಲ್ಲಿ ಕುಳಿತ ಹೆಂಗಸು ಒಂದೆರಡು ಸಲ ಸೆರಗು ಮೂಗಿಗೆ ಒತ್ತಿಕೊಂಡಳು. ಎರಡು ಸಲ ತಲೆಗೆ ಸ್ನಾನ ಮಾಡಿದ್ದರೂ ಆ ಕೋಣೆ ನನ್ನ ಮೈಯಿಂದ ಹೋಗಿರಲಿಲ್ಲ.

ನಾದಿನಿಯ ಗಂಡ ಪಾಳಿಗೆ ಹೋಗಿದ್ದರು. ಆಕೆ ಒಬ್ಬಳೇ ಇದ್ದಳು. ಬಾಗಿಲು ತೆರೆದು ನನ್ನನ್ನು ನೋಡಿ, "ಬರ್ರಿ" ಅಂದಳು. ಮೊದಲು ನನಗೆ ನೀ ಅಂತಿದ್ದಳು. ಆ ಮನೆಗೆ ಐದು ವರ್ಷದಲ್ಲಿ ನಾನು ಕಾಲಿಟ್ಟಿರಲಿಲ್ಲ. ಎರಡು ಕೋಣೆ, ಗೋಡೆಗೆ ಒಂದು ಕನ್ನಡಿ. ಗೂಡಿನಲ್ಲಿ ನಾಲ್ಕು ತಾಟು, ನಾಲ್ಕು ಲೋಟ. ಚಾಪೆ ಸುತ್ತಿ ನಿಲ್ಲಿಸಿದ್ದಳು. ಎಲ್ಲಿ ಕಣ್ಣು ಹಾಯಿಸಿದರೂ ಒಂದೇ ನೋಟಕ್ಕೆ ಎಲ್ಲವೂ ಕಾಣುತ್ತಿತ್ತು. ನಾನು ನೋಡುತ್ತಿರುವುದನ್ನು ಆಕೆ ನೋಡಿದಳು.

"ಯಾರಾದ್ರೂ ಬಂದು ಹುಡುಕಿದ್ರ ತ್ರಾಸ ಆಗಬಾರದಲ್ರಿ" ಅಂದಳು.

ನಾನು ನೆಲದ ಮೇಲೆ ಕುಳಿತು ಗಂಟು ಬಿಚ್ಚಿ ಇಟ್ಟೆ. "ನನ್ನ ಕೋಣ್ಯಾಗ ಸಿಕ್ತು. ನನ್ನ ಕರ್ಚೀಫಿನಾಗ. ನೀ ಕೊಟ್ಟಿದ್ದಿ, ನಾನ ಇಟ್ಟಿದ್ದೆ" ಅಂದೆ. ಮೂರು ತಿಂಗಳಿಗೇ ನೆನಪಾಗಿತ್ತು ಅನ್ನುವುದನ್ನೂ ಹೇಳಿದೆ. ಅದನ್ನು ಹೇಳುವಾಗ ಆಕೆಯ ಮುಖ ನೋಡಲು ಆಗಲಿಲ್ಲ, ಕನ್ನಡಿಯ ಕೆಳಗಿನ ಗೋಡೆ ನೋಡುತ್ತಿದ್ದೆ.

ಆಕೆ ಕರಡಿಗೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು.

"ಏನಿದು ನಾತ?"

"ಹೆಗ್ಗಣ" ಅಂದೆ.

ಆಗ ಆಕೆಯ ಕಣ್ಣು ತುಂಬಿದವು. "ಅವ್ವಗ ಬೆವರಿನ ವಾಸನೀನೂ ಸೇರತಿದ್ದಿಲ್ಲ" ಅಂದಳು. ಕಣ್ಣು ಒರೆಸಿಕೊಂಡು ಕೇಳಿದಳು: "ಅವತ್ತು ಅಂಗಳ ತುಂಬ ಮಂದಿ ಇದ್ರಲ್ಲ ವೈನಿ. ಇವತ್ತು ನೀವೊಬ್ಬರ ಬಂದೀರಿ?"

ಆಕೆ ಎದ್ದು ಒಳಗೆ ಹೋಗಿ, ಒಂದು ಬಿಳಿ ಬಟ್ಟೆ ತಂದಳು. ಕರಡಿಗೆಯ ಮುಚ್ಚಳ ತೆಗೆದು ಲಿಂಗವನ್ನು ಹೊರಗೆ ತೆಗೆದಳು. ನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ಅವ್ವನ್ನ ಮಣ್ಣು ಮಾಡಿದಲ್ಲಿ ನಾನ ಹೋಗಿ ಇಡ್ತೀನಿ. ನೀವು ಬರಬ್ಯಾಡ್ರಿ" ಅಂದಳು. ನಾನು ತಲೆಯಾಡಿಸಿ ಎದ್ದೆ. ಚಹಾ ಬೇಕೇ ಅಂತ ಆಕೆ ಕೇಳಲಿಲ್ಲ, ಕೇಳಿದ್ದರೂ ಕುಡಿಯಲು ನನಗೆ ಆಗುತ್ತಿರಲಿಲ್ಲ.

ಹೊಸ್ತಿಲಿನಲ್ಲಿ ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕರೆದಳು.

"ನಿಮ್ಮ ಚೀಲ ತಗೀರಿ."

ಇದು ನನಗೆ ಬರಬೇಕಾದದ್ದೇ ಅಂದುಕೊಂಡು ಚೀಲದ ಬಾಯಿ ಅಗಲಿಸಿ ಹಿಡಿದೆ. ಆಕೆ ಒಳಗೆ ನೋಡಲೂ ಇಲ್ಲ. ಕೈಯಲ್ಲಿದ್ದ ಖಾಲಿ ಕರಡಿಗೆಯನ್ನು, ಆ ಕಪ್ಪಿಟ್ಟ ಬೆಳ್ಳಿಯನ್ನು, ಚೀಲದೊಳಗೆ ಹಾಕಿದಳು.

"ಈ ಬೆಳ್ಳೀನ ಅಲ್ಲೇನ್ರಿ ಎಲ್ಲಾರೂ ಹುಡುಕಾಕತ್ತಿದ್ದು? ತಗೊಂಡು ಹೋಗ್ರಿ" ಅಂದು ಬಾಗಿಲು ಮುಚ್ಚಿಕೊಂಡಳು.

ಈಗ ಹಿಂದಿನ ಕೋಣೆ ಖಾಲಿಯಾಗಿದೆ. ಕಸದ ಗಾಡಿಗಳು ಹೊತ್ತೊಯ್ದವು, ಉಳಿದದ್ದನ್ನು ಹೊಲದ ಬದಿಯಲ್ಲಿ ಸುಟ್ಟೆವು. ನೆಲ ಕೆರೆದು ಫಿನಾಯಿಲು ಹಾಕಿ ತೊಳೆದೆ, ಸುಣ್ಣ ಬಳಿಸಿದೆ. ಪಡಸಾಲೆಯ ಗಾಜಿನ ಕಪಾಟಿನಲ್ಲಿದ್ದ ಗೊಂಬೆ, ಪ್ಲಾಸ್ಟಿಕ್ ಹೂವು, ಯಾರೋ ಕೊಟ್ಟ ಗಡಿಯಾರ ಎಲ್ಲವನ್ನೂ ತೆಗೆದು, ಅಲ್ಲಿ ಆ ಕರಡಿಗೆಯೊಂದನ್ನೇ ಇಟ್ಟಿದ್ದೇನೆ. ನಮ್ಮ ಮನೆಯವರು ಎರಡು ಸಲ ತೆಗೆದಿಟ್ಟರು, ಎರಡು ಸಲವೂ ಹೊಳ್ಳಿ ಇಟ್ಟೆ. ಮನೆಗೆ ಬಂದವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. "ಏನವಾ ಅದು, ಕಪ್ಪಗ?" ಅಂತ ಕೇಳುತ್ತಾರೆ. ಕೇಳಿದವರಿಗೆಲ್ಲ ಹೇಳುತ್ತೇನೆ, ಹೆಗ್ಗಣದ ಗೂಡಿನ ಸಮೇತ.

ಮೊದಲು ಕೇಳಿದವರು ನಮ್ಮ ಮನೆಯವರ ದೊಡ್ಡಮ್ಮ. ಚಹಾದ ಬಸಿ ಕೈಯಲ್ಲಿ ಹಿಡಿದು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹೋಗ್ಲಿ ಬಿಡವಾ, ಹಳೇದು. ನಮಗೇನು ಆಕಿ ಮ್ಯಾಲ ಸಂಶಯ ಇದ್ದಿಲ್ಲ ತಗಿ. ನಾವೆಲ್ಲಿ ಆಕಿನ್ನ ಅಂದೀವಿ?" ಅಂದರು.

"ಅಂದೀರಿ" ಅಂದೆ. "ಹೊರಗ ಆ ಕಟ್ಟಿ ಮ್ಯಾಲ ಕುಂತು, ಬಿಚ್ಚಿದ ಕೈಗೇ ಗೊತ್ತು ಅಂತ ಅಂದೀರಿ. ನಾನೂ ಕೇಳಿಸ್ಕೊಂಡು ಸುಮ್ಮನಿದ್ದೆ."

ಅವರು ಬಸಿಯನ್ನು ಅರ್ಧಕ್ಕೇ ಕೆಳಗಿಟ್ಟು ಹೋದರು. ಆಮೇಲೆ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾರೆ. ಇನ್ನೂ ಕೆಲವರು ಬಿಟ್ಟಿದ್ದಾರೆ.

ಹೋದ ಸೋಮವಾರ ಹೊಲಕ್ಕೆ ಹೋದಾಗ ಅತ್ತೆಯ ಸಮಾಧಿಯ ಮೇಲೆ ತಾಜಾ ಬಿಲ್ವಪತ್ರೆ, ವಿಭೂತಿ ಇದ್ದವು. ಒಂದು ಬದಿಗೆ ಮಣ್ಣು ಹೊಸದಾಗಿ ಅಗೆದು ಮುಚ್ಚಿದ ಗುರುತು ಇತ್ತು. ಲಿಂಗಸುಗೂರಿನಿಂದ ಬಂದ ಬಸ್ಸು ಇಳಿದು ನಮ್ಮ ಹೊಲಕ್ಕೆ ಹೋಗಲು ನಮ್ಮ ಮನೆಯ ಮುಂದಿನ ದಾರಿಯೊಂದೇ ಇರುವುದು. ನಾದಿನಿ ನಮ್ಮ ಬಾಗಿಲು ದಾಟಿಯೇ ಹೋಗಿದ್ದಾಳೆ, ದಾಟಿಯೇ ಬಂದಿದ್ದಾಳೆ. ಅದರ ಹಿಂದಿನ ದಿನವೆಲ್ಲ ನಾನು ಮನೆಯಲ್ಲೇ ಇದ್ದೆ, ಬಾಗಿಲು ತೆರೆದೇ ಇತ್ತು.